ಕುಂಟುವ ಕೋಳಿಯ ಅಂಗಾಲು ತಿರುಗಿಸಿ ನೋಡಿದ್ರಾ?

ಹೋದ ಮಳೆಗಾಲದಲ್ಲಿ ನಮ್ಮ ಗಿರಿರಾಜ ಹುಂಜ ಕಾಲೆತ್ತಿಕೊಂಡು ನಿಲ್ಲೋಕೆ ಶುರು ಮಾಡ್ತು. ಕಲ್ಲು ತಾಗಿರಬೇಕು ಅಂತ ಸುಮ್ಮನಾದೆ. ವಾರ ಬಿಟ್ಟು ಹಿಡಿದು ನೋಡಿದರೆ ಅಂಗಾಲು ಊದಿ, ಬಿಸಿಯಾಗಿ, ನಡುವೆ ಕಪ್ಪು ಹಕ್ಕಳೆ ಕಟ್ಟಿತ್ತು. ಇದೇ ಬಂಬಲ್‌ಫುಟ್. ತರಚಿದ ಜಾಗದಿಂದ ಬ್ಯಾಕ್ಟೀರಿಯಾ, ಹೆಚ್ಚಾಗಿ ಸ್ಟೆಫಿಲೋಕಾಕಸ್, ಒಳಗೆ ಹೋಗಿ ಕೀವಾಗುತ್ತೆ. ಕೋಳಿಯ ಕೀವು ನಮ್ಮದರ ಹಾಗೆ ನೀರಾಗಿರಲ್ಲ, ಪನೀರ್ ಚೂರಿನಂತೆ ಗಟ್ಟಿ. ಹಿಸುಕಿದರೆ ಹೊರಗೆ ಬರಲ್ಲ, ಸೋಂಕು ಇನ್ನೂ ಆಳಕ್ಕೆ ಇಳಿಯುತ್ತೆ. ನಾನು ಹಿಸುಕಿದ್ದೆ. ಕೊನೆಗೆ ಪಶುವೈದ್ಯರು ಕೊಯ್ದು ತೆಗೆದರು. ಜೀವ ಉಳೀತು, ಆದರೆ ಇವತ್ತಿಗೂ ಕುಂಟುತ್ತೆ.

ಆಮೇಲೆ ಎಲ್ಲ ಕೋಳಿಗಳ ಕಾಲು ನೋಡಿದೆ. ರಾತ್ರಿ ಕೋಲಿನ ಮೇಲೆ ಕೂತಾಗ ಹಿಡಿಯೋದು ಸುಲಭ, ಮೊಬೈಲ್ ಟಾರ್ಚ್ ಸಾಕು. ಎರಡು ಹೇಟೆಗಳ ಅಂಗಾಲು ಬರೀ ಕೆಂಪಾಗಿತ್ತು. ದಿನಾ ಉಗುರುಬೆಚ್ಚಗಿನ ಉಪ್ಪುನೀರಲ್ಲಿ 10 ನಿಮಿಷ ಕಾಲಿಟ್ಟು, ಒರೆಸಿ, ಪೊವಿಡೋನ್ ಅಯೋಡಿನ್ ಹಚ್ಚಿ, ಒಣ ಹೊಟ್ಟಿನ ಮೇಲೆ ಬೇರೆ ಬಿಟ್ಟೆ. ವಾಸಿಯಾಯ್ತು. ಕೈಗೆ ಗ್ಲೌಸ್ ಇರಲಿ, ಈ ಸೋಂಕು ನಮಗೂ ತಗುಲಬಹುದು.

ತಪ್ಪು ಇದ್ದದ್ದು ನಮ್ಮ ಶೆಡ್‌ನಲ್ಲೇ. ನೆಲದ ಭತ್ತದ ಹೊಟ್ಟು ಒದ್ದೆ, ಕೂರುವ ಕೋಲು ನಾಲ್ಕಡಿ ಎತ್ತರ. ಗಿರಿರಾಜ ತೂಕದ ತಳಿ, ಅಷ್ಟೆತ್ತರದಿಂದ ಸಿಮೆಂಟ್ ನೆಲಕ್ಕೆ ಹಾರಿದರೆ ಅಂಗಾಲು ಜಜ್ಜದೆ ಇರುತ್ತಾ? ಕೋಲನ್ನು ಒಂದೂವರೆ ಅಡಿಗೆ ಇಳಿಸಿ, ಗಂಟು, ಸಿಬಿರು ಕೆತ್ತಿ ನುಣುಪು ಮಾಡಿದೆ. ಹೊಟ್ಟು ಒದ್ದೆಯಾದರೆ ಅವತ್ತೇ ಬದಲಾಯಿಸ್ತೀನಿ.

ಹಕ್ಕಳೆ ಕಟ್ಟಿದ್ದರೆ ಮನೇಲಿ ಬ್ಲೇಡ್ ಹಿಡಿಯಬೇಡಿ, ವೈದ್ಯರಿಗೆ ತೋರಿಸಿ. ಆಂಟಿಬಯೋಟಿಕ್ ಕೊಟ್ಟರೆ ಎಷ್ಟು ದಿನ ಮೊಟ್ಟೆ ಮಾರಬಾರದು ಅನ್ನೋದನ್ನೂ ಅವರನ್ನೇ ಕೇಳಿ.