ಪ್ರಾಥಮಿಕ ಶಾಲೆಯ ಪಂಕ್ತಿ



ಪ್ರತಿ ವರುಷ ಜೂನ್ ತಿಂಗಳಲ್ಲಿ ನಮ್ಮ ಹೈಸ್ಕೂಲಿಗೆ ಹೊಸದಾಗಿ ಬರುವ ಹೆಣ್ಣುಮಕ್ಕಳಲ್ಲಿ ಯಾರು ಯಾರೊಡನೆ ಕುಳಿತು ಉಣ್ಣುವರೆಂಬದನ್ನು ನಾನು ಲಕ್ಷ್ಯವಿಟ್ಟು ನೋಡುತ್ತೇನೆ. ಆ ರೂಢಿಯು ಇಲ್ಲಿ ಹುಟ್ಟಿದ್ದಲ್ಲ; ಪ್ರಾಥಮಿಕ ಶಾಲೆಯ ಏಳು ವರುಷಗಳಲ್ಲಿಯೇ ಗಟ್ಟಿಯಾಗಿ ಬಂದಿರುವದು. ಆದಕಾರಣ ನಾನಾ ಮತಗಳ ಮಕ್ಕಳು ಕೂಡಿ ಕಲಿಯುವ ಪ್ರಾಥಮಿಕ ಶಾಲೆಯ ಜೀವನವನ್ನು ಕುರಿತು ಈ ಸ್ಮರಣ ಸಂಚಿಕೆಯಲ್ಲಿ ನಾಲ್ಕು ಮಾತು ಬರೆಯುತ್ತೇನೆ.

ಕೂಡಿ ಕಲಿಯುವದು ನಮ್ಮ ಸೀಮೆಯಲ್ಲಿ ತಾನಾಗಿ ಬಂದುದಲ್ಲ. 1856ರಲ್ಲಿ ಧಾರವಾಡದ ಸರಕಾರಿ ಶಾಲೆಗೆ ಸೇರಬಂದ ಒಬ್ಬ ಮಹಾರ ಹುಡುಗನಿಗೆ ಜಾತಿಯ ಕಾರಣದಿಂದ ಪ್ರವೇಶವು ದೊರೆಯಲಿಲ್ಲ. ಅವನು ಸರಕಾರಕ್ಕೆ ಅರ್ಜಿ ಬರೆದುಕೊಂಡನು. ಪ್ರಶ್ನೆಯು ಮುಂಬಯಿಯಿಂದ ಲಂಡನ್ನಿನ ವರೆಗೆ ಹೋಗಿ, 1858ರಲ್ಲಿ, ಕೇವಲ ಸರಕಾರದ ಹಣದಿಂದ ನಡೆಯುವ ಶಾಲೆಗಳು ಸಕಲ ವರ್ಗದ ಪ್ರಜೆಗಳಿಗೂ ತೆರೆದಿರತಕ್ಕವೆಂದು ಗೊತ್ತಾಯಿತು. ಕಾಗದದ ಮೇಲೆ ಬಾಗಿಲು ತೆರೆಯಿತು. ಒಳಗೆ ಬಂದ ಕೂಸು ಎಲ್ಲಿ ಕುಳಿತುಕೊಳ್ಳಬೇಕೆಂಬದು ಉಪಾಧ್ಯಾಯರ ಕೈಯಲ್ಲಿ ಉಳಿಯಿತು.

ಪ್ರಾರ್ಥನೆಯ ವಿಷಯದಲ್ಲಿ ಕಾಯಿದೆಯು ಸ್ಪಷ್ಟವಾಗಿದೆ. ಸಂವಿಧಾನದ 28ನೆಯ ಅನುಚ್ಛೇದದ ಪ್ರಕಾರ, ಸರಕಾರದ ಮನ್ನಣೆ ಅಥವಾ ಸಹಾಯಧನ ಪಡೆಯುವ ಶಾಲೆಯಲ್ಲಿ ಯಾವ ಮಗುವನ್ನೂ ಪಾಲಕರ ಒಪ್ಪಿಗೆಯಿಲ್ಲದೆ ಮತಬೋಧೆಗಾಗಲಿ ಆರಾಧನೆಗಾಗಲಿ ಒತ್ತಾಯಿಸಕೂಡದು. ಮಿಷನ್ ಶಾಲೆಯಲ್ಲಿ ಓದಿ ಬೆಳೆದ ನಾನು ಇದನ್ನು ಮನಃಪೂರ್ವಕವಾಗಿ ಒಪ್ಪುತ್ತೇನೆ. ಒತ್ತಾಯಕ್ಕೆ ಕಣ್ಣು ಮುಚ್ಚಿದ ಮಕ್ಕಳು ಬೆರಳ ಸಂದಿಯಿಂದ ಇಣಿಕುವದನ್ನು ಕಂಡಿರುವೆನು. ಚಿಕ್ಕವಳಿದ್ದಾಗ ನಾನೂ ಇಣಿಕಿರುವೆನು!

ಮತಭೇದದ ಮಾತನ್ನೇ ಮಕ್ಕಳ ಮುಂದೆ ಎತ್ತಬಾರದೆನ್ನುವವರು ಕೆಲವರುಂಟು. ನನಗೆ ಅದು ಸಮ್ಮತವಿಲ್ಲ. ನಮ್ಮ ಬಬಲೇಶ್ವರ ತಾಲ್ಲೂಕಿನ ಕಾಖಂಡಕಿಯನ್ನೇ ನೋಡಿರಿ. ಹದಿನೇಳನೆಯ ಶತಮಾನದಲ್ಲಿ ವಿಜಾಪುರದ ಆದಿಲಶಾಹಿ ದರಬಾರಿನ ಚಾಕರಿಯನ್ನು ಬಿಟ್ಟು, ಸಾರವಾಡದ ಭಾಸ್ಕರಸ್ವಾಮಿಗಳ ಶಿಷ್ಯರಾದ ಮಹಿಪತಿದಾಸರು ನೆಲೆಸಿದ ಊರು ಅದು. ಅವರು ಕನ್ನಡದೊಡನೆ ಮರಾಠಿಯಲ್ಲಿಯೂ ಹಿಂದುಸ್ತಾನಿಯಲ್ಲಿಯೂ ಹಾಡಿದರು. ನೆರೆಯವರ ನುಡಿಯಲ್ಲಿ ಹಾಡಿಯೂ ಹರಿದಾಸರಾಗಿಯೇ ಉಳಿದರು. ಈ ಸಂಗತಿಯನ್ನು ಮಕ್ಕಳಿಗೆ ಹೇಳಬೇಕು, ಮುಚ್ಚಿಡಬಾರದು.

ಆದರೆ ನಾವು ಹೇಳುವ ಪಾಠಕ್ಕಿಂತ ನಾವು ಕುಳ್ಳಿರಿಸುವ ರೀತಿಯು ಮಕ್ಕಳಿಗೆ ಬೇಗ ತಿಳಿಯುವದು. ಇದನ್ನು ನಾನು ನನ್ನ ತಪ್ಪಿನಿಂದ ಕಲಿತೆನು. 2021ರ ಡಿಸೆಂಬರಿನಲ್ಲಿ ನಮ್ಮ ಜಿಲ್ಲೆಯನ್ನೂ ಸೇರಿಸಿ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮಧ್ಯಾಹ್ನದ ಊಟದೊಡನೆ ತತ್ತಿಯನ್ನು ಕೊಡತೊಡಗಿದರು. ತತ್ತಿ ತಿನ್ನದವರಿಗೆ ಬಾಳೆಹಣ್ಣು. ಆಗ ನಾನು ಒಂದು ಪ್ರಾಥಮಿಕ ಶಾಲೆಯ ಊಟದ ಮೇಲ್ವಿಚಾರಣೆಯಲ್ಲಿದ್ದೆನು. ಬಡಿಸಲು ಅನುಕೂಲವಾಗಲೆಂದು ತತ್ತಿಯವರನ್ನು ಗೋಡೆಯ ಕಡೆಗೂ ಬಾಳೆಹಣ್ಣಿನವರನ್ನು ಬಾಗಿಲ ಕಡೆಗೂ ಕುಳ್ಳಿರಿಸಿದೆನು. ಕೆಲಸವು ಬೇಗ ಮುಗಿಯಿತು. ನನಗೆ ಸಂತೋಷವೇ ಆಯಿತು.

ನಾಲ್ಕನೆಯ ದಿನ ಒಬ್ಬ ಮುಸಲ್ಮಾನ ಹುಡುಗಿಯು ಬಾಗಿಲ ಕಡೆಗೆ ಬಂದು ಬಾಳೆಹಣ್ಣಿಗೆ ಕೈಯೊಡ್ಡಿದಳು. "ನಿನಗೆ ತತ್ತಿ ಸೇರುವದಿಲ್ಲವೇ?" ಎಂದೆನು. "ಸೇರ್ತದ್ರೀ ಅಕ್ಕೋರೇ. ಆದ್ರ ಅಕೀ ಹತ್ರ ಕೂಡಬೇಕಂದ್ರ ಬಾಳೆಹಣ್ಣೇ ತಿನ್ನಬೇಕಲ್ರೀ" ಎಂದು ಬದಿಯ ಲಿಂಗಾಯತರ ಹುಡುಗಿಯನ್ನು ತೋರಿಸಿದಳು. ಅವರಿಬ್ಬರೂ ಒಂದನೆಯ ಇಯತ್ತೆಯಿಂದ ಒಂದೇ ಮಣೆಯ ಗೆಳತಿಯರು. ಅನುಕೂಲದ ಹೆಸರಿನಲ್ಲಿ ನಾನು ಪಂಕ್ತಿಭೇದವನ್ನೇ ಮಾಡಿದ್ದೆನು.

ಮರುದಿನದಿಂದ ಹಾಜರಿಪುಸ್ತಕದ ಕ್ರಮದಲ್ಲಿ ಹಾಕುತ್ತಿದ್ದ ಸಾಲುಗಳನ್ನೂ ಬಿಟ್ಟು, ಮಕ್ಕಳನ್ನು ಅವರವರ ಗೆಳತಿಯರ ಬದಿಯಲ್ಲಿ ಕೂಡಗೊಟ್ಟೆನು. ಒಬ್ಬ ತಂದೆಯು ಆಕ್ಷೇಪಿಸಿದನು. ಮಗಳ ತಾಟಿಗೆ ತತ್ತಿಯು ತಗುಲೀತೆಂಬ ಭಯ ಅವನದು. ಆ ಭಯವನ್ನು ನಾನು ಹಗುರಾಗಿ ಎಣಿಸಲಿಲ್ಲ. ಬಾಳೆಹಣ್ಣನ್ನು ಮೊದಲು, ಬೇರೆ ಬುಟ್ಟಿಯಲ್ಲಿ, ಬೇರೆ ಕೈಯಿಂದ ಹಂಚುವಂತೆ ಏರ್ಪಡಿಸಿದ ಮೇಲೆ ಅವನು ಬಂದು ನೋಡಿ ಸುಮ್ಮನಾದನು. ಬಡಿಸುವ ಕೆಲಸಕ್ಕೆ ಹತ್ತು ನಿಮಿಷ ಹೆಚ್ಚು ಹಿಡಿಯತೊಡಗಿತು.

ಆ ಹುಡುಗಿಯು ತನ್ನ ತತ್ತಿಯನ್ನು ತಿಂದಳು. ಗೆಳತಿಯು ತನ್ನ ಹಣ್ಣನ್ನು ತಿಂದಳು. ಅವರಿಬ್ಬರ ಹರಟೆಯನ್ನು ನಿಲ್ಲಿಸಲು ನಾನು ಎರಡು ಸಾರೆ ಗಂಟೆ ಬಾರಿಸಬೇಕಾಯಿತು.