ಕೀಲೆಣ್ಣೆಯ ಮನೆಯಲ್ಲಿ ಕಾರಿನ ಆಯಿಲ್

ಎಣ್ಣೆ ಹಾಕುವ ಕೆಲಸ ನಮ್ಮ ಮನೆಗೆ ಹೊಸದಲ್ಲ. ಅಪ್ಪ ಬಂಡಿ ಹೂಡುತ್ತಿದ್ದ ಕಾಲದಲ್ಲಿ ಪಡಸಾಲೆಯ ಗೂಟಕ್ಕೆ ಒಂದು ಬಿದಿರಿನ ಕೊಳವೆ ನೇತಾಡುತ್ತಿತ್ತು. ಒಳಗೆ ಔಡಲೆಣ್ಣೆಗೆ ಹುಲ್ಲು ಸುಟ್ಟ ಬೂದಿ ಕಲಸಿದ ಕೀಲೆಣ್ಣೆ. ನಮ್ಮೂರು ಶಿರವಾಳದಿಂದ ಶಹಾಪುರದ ಸಂತೆಗೆ ಹೊರಡುವ ಮುಂಚೆ ಗಾಲಿ ಸರಿಸಿ, ಅಚ್ಚಿಗೆ ಅದನ್ನು ಬಳಿಯದೆ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಅಂಥವನ ಮಗ ನಾನು. ಸೆಕೆಂಡ್ ಹ್ಯಾಂಡ್ ವ್ಯಾಗನಾರ್ ಕೊಂಡು, ಮೊದಲ ಸರ್ವಿಸಿನ ಬಿಲ್ ನೋಡಿದ ಕೂಡಲೇ ನನಗೆ ರಕ್ತದಲ್ಲೇ ವಿದ್ಯೆ ಇದೆ ಅನ್ನಿಸಿಬಿಟ್ಟಿತು. ಕೆಳಗೆ ಒಂದು ಬೋಲ್ಟ್ ಬಿಚ್ಚುವುದು, ಫಿಲ್ಟರ್ ತಿರುವುವುದು, ಮೇಲಿಂದ ಸುರಿಯುವುದು. ಇಷ್ಟಕ್ಕೆ ಬೇರೆಯವರಿಗೆ ಯಾಕೆ ದುಡ್ಡು?

ಏಳು ವರ್ಷವಾಯಿತು. ಒಂಬತ್ತು ಸಲ ಬದಲಿಸಿದ್ದೇನೆ. ಅದರಲ್ಲಿ ಸರಿಯಾಗಿ ಬದಲಿಸಿದ್ದು ಕೊನೆಯ ಮೂರು ಸಲ ಇರಬಹುದು. ಉಳಿದ ಆರರ ಲೆಕ್ಕ ಇಲ್ಲಿದೆ.

1. ಎರೆ ಮಣ್ಣಿನ ಮೇಲೆ ಜಾಕ್ ಇಡಬೇಡಿ

ಇದನ್ನು ಮೊದಲು ಹೇಳುವುದಕ್ಕೆ ಕಾರಣ, ಉಳಿದ ತಪ್ಪುಗಳಿಗೆ ದುಡ್ಡು ಹೋಗುತ್ತದೆ, ಇದಕ್ಕೆ ಮನುಷ್ಯನೇ ಹೋಗುತ್ತಾನೆ. ನನ್ನ ಗಾಡಿಯ ಹೊಟ್ಟೆಗೂ ನೆಲಕ್ಕೂ ನಡುವೆ 165 ಮಿಲಿಮೀಟರ್. ಗೇಣಿಗೂ ಕಡಿಮೆ. ನನ್ನಂಥ ಹೊಟ್ಟೆಯವನು ತೂರಬೇಕಾದರೆ ಗಾಡಿ ಎತ್ತಲೇಬೇಕು. ಮನೆ ಹಿಂದಿನ ಖುಲ್ಲಾ ಜಾಗದಲ್ಲಿ ಗಾಡಿಯ ಜೊತೆ ಬಂದಿದ್ದ ಜಾಕನ್ನೇ ಇಟ್ಟೆ. ನೆಲ ಬೇಸಿಗೆಗೆ ಒಣಗಿ ಕಲ್ಲಿನಂತಿತ್ತು, ಬಿರುಕು ಬಿಟ್ಟಿತ್ತು. ಆದರೂ ಮುಂಜಾಗ್ರತೆ ಇರಲಿ ಎಂದು ಅಡಿಗೆ ಒಂದು ಶಹಾಬಾದ್ ಪರ್ಸಿ ಹಾಸಿದೆ. ಜಾರದಂತೆ ಹಿಂದಿನ ಗಾಲಿಗೆ ಕೊಡಲು ಗೋಡೆ ಪಕ್ಕ ಬಿದ್ದಿದ್ದ ಚೌಕ ಕಲ್ಲೊಂದನ್ನು ಹೊರಳಿಸತೊಡಗಿದಾಗ ಅಪ್ಪ ಕಟ್ಟೆಯಿಂದಲೇ ಕೂಗಿದ: "ಏ, ಅದು ಗುಡಿ ಕಲ್ಲು! ಮುಟ್ಟಬ್ಯಾಡ." ನಮ್ಮದು ಹಳೆಯ ಗುಡಿಗಳ ಊರು. ಯಾವ ಕಲ್ಲು ಯಾವ ಕಾಲದ್ದೋ ಹೇಳಲಾಗದು. ತಿರುವಿ ನೋಡಿದರೆ ಹೌದು, ಅಡಿಗೆ ಮುಖ ಮಾಡಿದ್ದ ಬದಿಯಲ್ಲಿ ಹೂವಿನ ಬಳ್ಳಿ ಕೆತ್ತಿತ್ತು. ಅದನ್ನು ಬಿಟ್ಟು ಇಟ್ಟಂಗಿ ತರಲು ಹೋದೆ.

ನಾನು ಇಟ್ಟಂಗಿ ಹಿಡಿದು ಬರುವಷ್ಟರಲ್ಲಿ ಪಟ್ ಅಂತ ಸದ್ದಾಯಿತು. ಪರ್ಸಿ ಎರಡು ಹೋಳು. ಜಾಕಿನ ಪಾದ ಬಿರುಕಿನ ಬದಿಗೆ ಇಳಿದು, ಗಾಡಿ ಒಂದು ಕಡೆ ವಾಲಿ, ನಿಧಾನಕ್ಕೆ ಕೂತುಕೊಂಡಿತು. ಎರಡು ನಿಮಿಷ ತಡವಾಗಿ ಆಗಿದ್ದರೆ ನಾನು ಅಡಿಯಲ್ಲಿ ಬೋಲ್ಟ್ ಎಲ್ಲಿದೆ ಎಂದು ಮೊಬೈಲ್ ಟಾರ್ಚ್ ಬಿಟ್ಟು ನೋಡುತ್ತಿದ್ದೆ. ಅಪ್ಪ ಏನೂ ಅನ್ನಲಿಲ್ಲ. ಎದ್ದು ಹೋಗಿ ಗುಡಿ ಕಲ್ಲಿನ ಮೇಲೆ ಒಂದು ತಂಬಿಗೆ ನೀರು ಸುರಿದು ಬಂದ.

ಜಾಕ್ ಇರುವುದು ಗಾಲಿ ಬದಲಿಸಲಿಕ್ಕೆ. ಅದರ ಭರವಸೆಯ ಮೇಲೆ ತಲೆ ಅಡಿಗೆ ಹಾಕುವುದಲ್ಲ. ಈಗ ನಾನು ಊರಿನ ಟ್ರ್ಯಾಕ್ಟರ್ ಮಾಲಕರೊಬ್ಬರ ಕಾಂಕ್ರೀಟ್ ರ‍್ಯಾಂಪಿಗೆ ಹೋಗುತ್ತೇನೆ. ಟ್ರ್ಯಾಕ್ಟರ್ ತೊಳೆಯಲು ಕಟ್ಟಿಸಿದ್ದು, ನಡುವೆ ತಗ್ಗು. ಗಾಡಿ ಮೇಲೆ ನಿಲ್ಲುತ್ತದೆ, ನಾನು ತಗ್ಗಿನಲ್ಲಿ ಕೂರುತ್ತೇನೆ. ಬಾಡಿಗೆ ಒಂದು ಚಹಾ. ಹಾಗಾಗಿ ಮನೆಯಲ್ಲೇ ಬದಲಿಸುತ್ತೇನೆ ಎನ್ನುವುದು ಅರ್ಧ ಸುಳ್ಳು.

2. ಬೆಚ್ಚಗಿರಲಿ, ಸುಡುವಂತಿರಬಾರದು

ಆಯಿಲ್ ಬಿಸಿಯಿದ್ದಾಗ ತೆಳುವಾಗಿ ಪೂರ್ತಿ ಇಳಿಯುತ್ತದೆ, ತಳದ ಕಸವನ್ನೂ ಎಳೆದು ತರುತ್ತದೆ ಎಂದು ಎಲ್ಲೋ ಕೇಳಿದ್ದೆ. ಅದು ನಿಜವೇ. ನಾನು ಮಾಡಿದ್ದೇನೆಂದರೆ ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ ಶಹಾಪುರದಿಂದ ಎಸಿ ಹಾಕಿಕೊಂಡು ಬಂದವನೇ ನೇರ ಅಡಿಗೆ ನುಗ್ಗಿದೆ. ಬೋಲ್ಟಿನ ಕೊನೆಯ ಸುತ್ತು ಬಿಚ್ಚಿದ್ದೇ ತಡ, ಕುದಿಯುವ ಸಾರಿನಂಥದ್ದು ಮುಂಗೈ ಮೇಲಿಂದ ಹರಿದು ಮೊಣಕೈಗೆ ಬಂತು. ಬೋಲ್ಟ್ ಬುಟ್ಟಿಯೊಳಗೆ ಬಿತ್ತು, ನಾನು ಕೂಗುತ್ತ ಹೊರಗೆ ಬಂದೆ. ಆ ಕಲೆ ಇನ್ನೂ ಇದೆ. ಯಾರಾದರೂ ಕೇಳಿದರೆ ಹೋಳಿಗೆ ಮಾಡುವಾಗ ಸುಟ್ಟಿದ್ದು ಅನ್ನುತ್ತೇನೆ. ಈಗ ಗಾಡಿ ನಿಲ್ಲಿಸಿ ಅರ್ಧ ತಾಸು ಬಿಡುತ್ತೇನೆ, ಮೇಲಿನ ಮುಚ್ಚಳ ತೆಗೆದಿಡುತ್ತೇನೆ. ಕೊನೆಯ ಸುತ್ತಿನಲ್ಲಿ ಬೋಲ್ಟನ್ನು ಒಳಕ್ಕೆ ಒತ್ತಿ ಹಿಡಿದು ತಿರುವಿ, ಥಟ್ಟನೆ ಕೈ ಹಿಂದಕ್ಕೆ.

3. ಬೋಲ್ಟ್ ಬಿಗಿಯುವುದು ಕುಸ್ತಿಯಲ್ಲ

ಆಯಿಲ್ ಸೋರಿದರೆ ಎಂಬ ಹೆದರಿಕೆಗೆ 17ರ ಪಾನಾಕ್ಕೆ ಒಂದು ಪೈಪ್ ಸಿಕ್ಕಿಸಿ, ಕಾಲು ಕೊಟ್ಟು ಬಿಗಿದೆ. ಒಂದು ಹಂತದಲ್ಲಿ ಬಿಗಿ ಹತ್ತುತ್ತಿದ್ದದ್ದು ಇದ್ದಕ್ಕಿದ್ದಂತೆ ಹಗುರಾಯಿತು. ಆ ಹಗುರವನ್ನು ಕೈ ಮರೆಯುವುದಿಲ್ಲ. ಥ್ರೆಡ್ ಸ್ಲಿಪ್ ಆಗಿತ್ತು. ಗಾಡಿಯನ್ನು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿ ಶಹಾಪುರಕ್ಕೆ ಎಳೆಸಿದೆ. ದಾರಿಯಲ್ಲಿ ಪರಿಚಯದವರೆಲ್ಲ ಕೈ ಎತ್ತಿ "ಏನಾತ್ರೀ?" ಅನ್ನುವವರೇ. ಗ್ಯಾರೇಜಿನ ಉಸ್ತಾದರು ಆಯಿಲ್ ಚೇಂಬರ್ ಬಿಚ್ಚಿಸಿ ಹೊಸ ಥ್ರೆಡ್ ಹೊಡೆಸಿ ಕೊಟ್ಟರು. ಮೂರು ವರ್ಷದ ಸರ್ವಿಸ್ ಚಾರ್ಜ್ ಉಳಿಸಿದ್ದು ಅಂದೇ ಹೋಯಿತು.

"ಎಷ್ಟು ಬಿಗಿ ಮಾಡ್ಬೇಕು ಉಸ್ತಾದ್?" ಎಂದು ಕೇಳಿದೆ. ಅವರು ಪಾನಾವನ್ನು ತುದಿಯಲ್ಲಿ ಹಿಡಿಯದೆ ನಡುವೆ ಹಿಡಿದು ತೋರಿಸಿದರು. ಆಮೇಲೆ ಹುಡುಕಿದೆ, ಈ ಬೋಲ್ಟಿಗೆ ಹೇಳುವ ಬಿಗಿ ಸುಮಾರು 35 ನ್ಯೂಟನ್ ಮೀಟರ್. ಒಂದು ಅಡಿ ಉದ್ದದ ಪಾನಾದ ತುದಿಗೆ ಹನ್ನೆರಡು ಕಿಲೋ ತೂಕ ತೂಗಿಬಿಟ್ಟಷ್ಟು. ಕಾಲು ಕೊಡುವ ಕೆಲಸವೇ ಅಲ್ಲ. ಸೋರದಂತೆ ತಡೆಯುವುದು ಬೋಲ್ಟಿನ ಅಡಿಯ ವಾಷರ್. ಅದನ್ನು ಪ್ರತಿ ಸಲ ಹೊಸದು ಹಾಕಿದರೆ ಆಯಿತು. ಹತ್ತಿಪ್ಪತ್ತು ರೂಪಾಯಿಯ ವಾಷರ್ ಉಳಿಸಲು ಹೋಗಿ ನಾನು ಚೇಂಬರ್ ಕೆಡಿಸಿಕೊಂಡಿದ್ದೆ.

4. ಹಳೆ ಫಿಲ್ಟರಿನ ರಬ್ಬರ್ ಎಲ್ಲಿ ಹೋಯಿತು ಎಂದು ನೋಡಿ

ಫಿಲ್ಟರ್ ಬಿಚ್ಚಿದಾಗ ಅದರ ರಬ್ಬರ್ ರಿಂಗ್ ಒಮ್ಮೊಮ್ಮೆ ಎಂಜಿನ್ನಿಗೇ ಅಂಟಿಕೊಂಡು ಉಳಿಯುತ್ತದೆ. ಗಮನಿಸದೆ ಹೊಸ ಫಿಲ್ಟರ್ ಹಾಕಿದರೆ ರಿಂಗಿನ ಮೇಲೆ ರಿಂಗ್. ಗಾಡಿ ಚಾಲೂ ಮಾಡಿದ ಕೂಡಲೇ ಹೊಸ ಆಯಿಲೆಲ್ಲ ಪಿಚಕಾರಿ. ನನ್ನ ಮಗಳು ಅದನ್ನು ಚಪ್ಪಾಳೆ ತಟ್ಟುತ್ತ ನೋಡಿದಳು. ಹೊಸ ರಬ್ಬರಿಗೆ ಬೆರಳಿನಿಂದ ಆಯಿಲ್ ಸವರಿ, ರಬ್ಬರ್ ತಾಕಿದ ಮೇಲೆ ಕೈಯಿಂದಲೇ ಮುಕ್ಕಾಲು ಸುತ್ತು. ಅಷ್ಟೇ.

5. ಡಬ್ಬಿ ಖಾಲಿ ಮಾಡಲೇಬೇಕೆಂದಿಲ್ಲ

ನನ್ನ ಗಾಡಿಗೆ ಬೇಕಾದದ್ದು ಫಿಲ್ಟರ್ ಸೇರಿ ಸುಮಾರು 3 ಲೀಟರ್. ಅಂಗಡಿಯಲ್ಲಿ ಸಿಕ್ಕಿದ್ದು ಮೂರೂವರೆಯ ಡಬ್ಬಿ. ಊಟದ ತಟ್ಟೆಯಲ್ಲಿ ಬಿಟ್ಟೇಳಬಾರದು ಎಂದು ಬೆಳೆದವನು ನಾನು, ಪೂರ್ತಿ ಸುರಿದೆ. ಹೆಚ್ಚಿದ್ದರೆ ಒಳ್ಳೆಯದೇ ಅಲ್ಲವೇ ಎಂಬ ಲೆಕ್ಕ. ಅಲ್ಲ. ಮಟ್ಟ ಮೇಲೇರಿದರೆ ತಿರುಗುವ ಕ್ರ್ಯಾಂಕ್ ಅದನ್ನು ಮಜ್ಜಿಗೆ ಕಡೆದಂತೆ ಕಡೆದು ನೊರೆ ಮಾಡುತ್ತದೆ, ನೊರೆಯಲ್ಲಿ ಗಾಳಿ ಇರುತ್ತದೆ, ಗಾಳಿಗೆ ಬೇರಿಂಗ್ ಕಾಯುವ ತಾಕತ್ತಿಲ್ಲ. ಮರುದಿನ ಗೇಜ್ ಕಡ್ಡಿ ಎಳೆದರೆ ಮೇಲಿನ ಗುರುತು ದಾಟಿ ಬೆರಳುದ್ದ ಆಯಿಲ್. ಮತ್ತೆ ಅಡಿಗೆ ಹೋಗಿ, ಮತ್ತೆ ಬೋಲ್ಟ್ ಸಡಿಲಿಸಿ, ಮತ್ತೆ ಕೈ ತೋಯಿಸಿಕೊಂಡೆ. ಈಗ ಎರಡೂಮುಕ್ಕಾಲು ಸುರಿದು, ಎರಡು ನಿಮಿಷ ಎಂಜಿನ್ ಓಡಿಸಿ, ಸಮ ನೆಲದಲ್ಲಿ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಕಡ್ಡಿ ನೋಡುತ್ತೇನೆ. ಬಾಕಿಯನ್ನು ಚಮಚೆಯಲ್ಲಿ ಮಗುವಿಗೆ ಔಷಧ ಕುಡಿಸಿದಂತೆ ಹಾಕುತ್ತೇನೆ.

ಖಾಲಿ ಡಬ್ಬಿಯನ್ನು ಗುಜರಿಗೆ ಕೊಡುವ ಮುಂಚೆ ಕತ್ತರಿಸಿಬಿಡಿ. ಅದೇ ಡಬ್ಬಿ ನಕಲಿ ಆಯಿಲ್ ತುಂಬಿಸಿಕೊಂಡು ವಾಪಸ್ ಬರುತ್ತದೆ.

6. ನಮ್ಮ ಬಿಸಿಲಿಗೆ ದಪ್ಪ ಆಯಿಲ್ ಬೇಕೆಂಬುದು ಬರೀ ಮಾತು

ಯಾದಗಿರಿ ಕಡೆಯ ಬೇಸಿಗೆ ನಲವತ್ತು ದಾಟುತ್ತದೆ. ಸೋದರಮಾವ ಹೇಳಿದ: "ಈ ಬಿಸಲಿಗಿ ತೆಳುನ ಎಣ್ಣಿ ನೀರಾಗಿ ಹೋಗ್ತದ. ದಪ್ಪಂದ ಹಾಕು." ಮಾತು ಹೊಟ್ಟೆಗಿಳಿಯಿತು. ಬೈಕಿಗೆ ಹಾಕುವ 20ಡಬ್ಲ್ಯು-40 ತಂದು ಸುರಿದೆ. ಮುಂಜಾನೆ ಚಾಲೂ ಮಾಡಿದರೆ ಮೇಲಿನಿಂದ ಟಕ ಟಕ ಸದ್ದು, ಗಾಡಿ ಓಡುವಾಗ ಕೆಸರಿನಲ್ಲಿ ಎತ್ತು ನಡೆದಂತೆ ಭಾರ.

ಆ ಡಬ್ಲ್ಯು ಅಂದರೆ ವಿಂಟರ್. ಅದರ ಹಿಂದಿನ ಅಂಕಿ ಥಂಡಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಓಡುತ್ತದೆ ಎಂಬುದಕ್ಕೆ, ಮುಂದಿನದು 100 ಡಿಗ್ರಿಯಲ್ಲಿ ಎಷ್ಟು ದಪ್ಪ ಉಳಿಯುತ್ತದೆ ಎಂಬುದಕ್ಕೆ. ಮಾವನಿಗೂ ನನಗೂ ಹೊಳೆಯದೇ ಹೋದದ್ದು ಏನೆಂದರೆ, ಓಡುವ ಎಂಜಿನ್ನಿನ ಒಳಗೆ ಮಡಿಕೇರಿಯೂ ಒಂದೇ, ಶಿರವಾಳವೂ ಹೆಚ್ಚುಕಡಿಮೆ ಒಂದೇ. ಥರ್ಮೋಸ್ಟಾಟ್ ಇರುವುದೇ ಅದಕ್ಕೆ. ಸವೆತ ಹೆಚ್ಚು ಆಗುವುದು ಚಾಲೂ ಮಾಡಿದ ಮೊದಲ ಕೆಲವು ಕ್ಷಣದಲ್ಲಿ, ಆಯಿಲ್ ಇನ್ನೂ ಮೇಲೆ ಮುಟ್ಟದಿದ್ದಾಗ. ದಪ್ಪಗಿದ್ದರೆ ಅದು ಇನ್ನೂ ತಡ. ಮೇಲಾಗಿ ಬೈಕಿನ ಆಯಿಲ್ ಕ್ಲಚ್ಚನ್ನೂ ನೆನೆಸಬೇಕಾದ್ದರಿಂದ ಅದರ ಪಾಕವೇ ಬೇರೆ. ಗಾಡಿಯ ಪುಸ್ತಕದಲ್ಲಿ 5ಡಬ್ಲ್ಯು-30 ಎಂದು ಬರೆದಿತ್ತು. ಪುಸ್ತಕ ಡ್ಯಾಶ್‌ಬೋರ್ಡಿನ ಖಾನೆಯಲ್ಲೇ ಇತ್ತು, ಅದರ ಮೇಲೆ ನಾನು ಸುಪಾರಿ ಪೊಟ್ಟಣ ಇಡುತ್ತಿದ್ದೆ.

ಈ ಓದಿನ ಹುಚ್ಚಿನಲ್ಲೇ ಒಂದು ಸಂಗತಿ ಸಿಕ್ಕಿತು. ಕ್ಯಾಸ್ಟ್ರಾಲ್ ಎಂಬ ಹೆಸರು 1909ರಲ್ಲಿ ಬಂದದ್ದೇ ಕ್ಯಾಸ್ಟರ್‌ನಿಂದ, ಅಂದರೆ ನಮ್ಮ ಔಡಲದಿಂದ. ಮೊದಲ ಮಹಾಯುದ್ಧದಲ್ಲಿ ರೋಟರಿ ಎಂಜಿನ್ನಿನ ವಿಮಾನಗಳು ಹಾರಿದ್ದು ಔಡಲೆಣ್ಣೆಯ ಮೇಲೆ. ಓಡಿ ಹೋಗಿ ಅಪ್ಪನಿಗೆ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, "ಮತ್ತ ನಮ್ಮ ಬಂಡಿ ಯಾಕ ಹಾರಲಿಲ್ಲೋ?" ಅಂದ.

7. ಕಪ್ಪಾಯಿತೆಂದು ಗಾಬರಿ ಬೇಡ

ಹೊಸ ಆಯಿಲ್ ಎರಡು ಸಾವಿರ ಕಿಲೋಮೀಟರಿಗೇ ಬಣ್ಣಗೆಟ್ಟಿತೆಂದು ಒಮ್ಮೆ ಪೂರ್ತಿ ಚೆಲ್ಲಿ ಮತ್ತೆ ಹಾಕಿದೆ. ಅಪ್ಪ ಕೇಳಿದ: "ಮೈ ತೊಳದ ನೀರು ಹೊಲಸಾಗ್ದ ಇರ್ತದೇನು?" ಅವನಿಗೆ ಆಯಿಲಿನೊಳಗೆ ಮಸಿ ತೊಳೆಯುವ ರಾಸಾಯನಿಕ ಬೆರೆಸಿರುತ್ತಾರೆಂದು ಗೊತ್ತಿರಲಿಲ್ಲ, ಆದರೂ ಹೇಳಿದ್ದು ಅದನ್ನೇ. ಆ ಮಾತು ಕೇಳಿದ ಮೇಲೆ ಇನ್ನೊಂದು ತುದಿಗೆ ಹೋದೆ. ಹತ್ತಿ ಬಿಡಿಸುವ ಸುಗ್ಗಿಯ ಗದ್ದಲದಲ್ಲಿ ಹದಿನಾಲ್ಕು ಸಾವಿರದವರೆಗೆ ಎಳೆದೆ. ಪುಸ್ತಕ ಹೇಳುವುದು 10,000 ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಧೂಳಿನ ದಾರಿಗೆ ಇನ್ನೂ ಬೇಗ. ನಮ್ಮದು ಪೂರಾ ಧೂಳಿನ ದಾರಿಯೇ.

8. ಸುಟ್ಟ ಆಯಿಲಿಗೆ ಊರೆಲ್ಲ ನೆಂಟರು

ನಾನು ಗಾಡಿ ಅಡಿಗೆ ಹೋದ ಸುದ್ದಿ ಓಣಿಗೆ ಹೇಗೆ ಗೊತ್ತಾಗುತ್ತದೋ. ಒಬ್ಬರಿಗೆ ಬಾಗಿಲ ಚೌಕಟ್ಟಿಗೆ ಗೆದ್ದಲು ಹತ್ತದಂತೆ ಬಳಿಯಲು ಬೇಕು, ಒಬ್ಬರಿಗೆ ಸೆಂಟ್ರಿಂಗ್ ಹಲಗೆಗೆ, ಒಬ್ಬರಿಗೆ ಬಂಡಿಗೆ. ದಾನಶೂರನಂತೆ ಬಾಟಲಿಗಳಲ್ಲಿ ತುಂಬಿ ಕೊಟ್ಟೆ. ಒಬ್ಬರು ಎಮ್ಮೆ ಕರುವಿನ ಉಣ್ಣಿಗೆಂದು ಒಯ್ದರು. ವಾರದೊಳಗೆ ಅದರ ಬೆನ್ನಿನ ಕೂದಲು ಉದುರಿ, ಚರ್ಮ ಕೆಂಪಗಾಯಿತು. ಪಶುವೈದ್ಯರು ಬಂದು, ಕರು ಮೈ ನೆಕ್ಕುತ್ತದೆ, ಎಂಜಿನ್ ಸವೆದ ಲೋಹವೂ ಅದರಲ್ಲಿರುತ್ತದೆ ಎಂದು ಬೈದರು. ಬೈದದ್ದು ಕರುವಿನ ಮಾಲಕರಿಗೆ, ತಲೆ ತಗ್ಗಿಸಿದ್ದು ನಾನು. ಕರು ಉಳಿಯಿತು.

ಮೊದಲ ಸಲದ ಆಯಿಲನ್ನಂತೂ ಹಿತ್ತಲ ಬದುವಿಗೆ ಸುರಿದಿದ್ದೆ. ಎರಡು ಮಳೆಗಾಲ ಆ ಜಾಗದಲ್ಲಿ ಹುಲ್ಲು ಏಳಲಿಲ್ಲ. ಮೊದಲ ಮಳೆಗೆ ಅಲ್ಲಿಂದ ಇಳಿದ ನೀರಿನ ಮೇಲೆ ಕಾಮನಬಿಲ್ಲಿನಂಥ ಪೊರೆ ಹಳ್ಳದ ಕಡೆ ಹೋಗುವುದನ್ನು ನಾನೇ ನಿಂತು ನೋಡಿದೆ. ಹಳ್ಳ ಹೋಗುವುದು ಭೀಮೆಗೆ. ಬಳಸಿದ ಆಯಿಲ್ 2016ರ ನಿಯಮದ ಪ್ರಕಾರ ಅಪಾಯಕಾರಿ ತ್ಯಾಜ್ಯ. 2024ರ ಏಪ್ರಿಲ್‌ನಿಂದ ಅದನ್ನು ಮರುಬಳಕೆಗೆ ತರಿಸುವ ಹೊಣೆ ತಯಾರಕರ ಮೇಲೂ ಇದೆ. ಅಷ್ಟಾಗಿ ನಮ್ಮ ಓಣಿಗೆ ಸಂಗ್ರಹಿಸಲು ಯಾರೂ ಬರುವುದಿಲ್ಲ. ನಾನು ಅದೇ ಡಬ್ಬಿಗೆ ವಾಪಸ್ ತುಂಬಿಸಿ, ಶಹಾಪುರಕ್ಕೆ ಹೋದಾಗ ಉಸ್ತಾದರ ಬ್ಯಾರಲ್ಲಿಗೆ ಸುರಿದು ಬರುತ್ತೇನೆ. ಡಬ್ಬಿ ಕತ್ತರಿಸುವುದು ಅದಾದ ಮೇಲೆ. ಓಣಿಯವರು ಈಗ ನನ್ನನ್ನು ಜಿಪುಣ ಅನ್ನುತ್ತಾರೆ.

9. ಅಡಿಗೆ ಪೇಪರ್ ಹಾಸಿ, ನಿನ್ನೆಯದು

ಎಲ್ಲ ಮುಗಿದ ಮೇಲೆ ರಾತ್ರಿ ಗಾಡಿ ಅಡಿಗೆ ಪೇಪರ್ ಹಾಸಿ, ಬೆಳಿಗ್ಗೆ ನೋಡುವುದು ನನ್ನ ಪದ್ಧತಿ. ಹನಿ ಬಿದ್ದಿದ್ದರೆ ಎಲ್ಲಿಂದ ಎಂದು ಗೊತ್ತಾಗುತ್ತದೆ. ಕಳೆದ ಸಲ ರಾತ್ರಿ ಮರೆತು, ಬೆಳಿಗ್ಗೆ ಬಾಗಿಲಿಗೆ ಬಿದ್ದಿದ್ದ ಪೇಪರನ್ನೇ ನಿದ್ದೆಗಣ್ಣಲ್ಲಿ ಹಾಸಿ, ಗಾಡಿಯನ್ನು ಅದರ ಮೇಲೆ ನಿಲ್ಲಿಸಿ, ಹತ್ತು ನಿಮಿಷ ಚಾಲೂ ಇಟ್ಟು ಬಂದಿದ್ದೆ. ಸ್ನಾನ ಮುಗಿಸಿ ಹೊರಗೆ ಬಂದರೆ ಅಂಗಳದಲ್ಲಿ ಬರೀ ಎರಡು ಕಾಲು ಕಾಣುತ್ತಿವೆ. ಅಪ್ಪ ಗಾಡಿಯ ಪಕ್ಕ ಮಗ್ಗುಲಾಗಿ ಮಲಗಿ, ಕತ್ತು ಅಡಿಗೆ ಚಾಚಿ, ಕನ್ನಡಕ ಏರಿಸಿಕೊಂಡಿದ್ದಾನೆ. ನನ್ನ ಎದೆ ಧಸಕ್ಕೆಂದಿತು.

"ಸೋರಾಕತ್ತದೇನಪ್ಪಾ?"

"ಏನೂ ಸೋರಿಲ್ಲ," ಅಂದ ಅಪ್ಪ ಅಲ್ಲಿಂದಲೇ. "ಸ್ವಲ್ಪ ಗಾಡಿ ಹಿಂದಕ್ಕ ತಗಿ. ಹತ್ತಿ ರೇಟು ಗಾಲಿ ಅಡಿಗಿ ಹೋಗ್ಯದ."