ಕೆರಳುವ ಕರುಳೂ ಶಕ್ತಿತಸ್ತಪವೂ

ಅಷ್ಟಮಿ-ಚತುರ್ದಶಿಗಳ ಪ್ರೋಷಧೋಪವಾಸ, ದಶಲಕ್ಷಣ ಪರ್ವದ ವ್ರತಗಳು ಶ್ರಾವಕರ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದಿರುವ ಆಚರಣೆಗಳು. ಆದರೆ ಈ ದಿನಗಳು ಸಮೀಪಿಸಿದಂತೆಲ್ಲ ಕೆಲವರಿಗೆ ಅಳುಕು ಹುಟ್ಟುತ್ತದೆ. ಉಪವಾಸದಂದು ಹೊಟ್ಟೆ ಹಿಂಡುತ್ತದೆ. ಪಾರಣೆಯಾದೊಡನೆ ಉಬ್ಬರ, ಭೇದಿ. ಇಲ್ಲವೆ ದಿನಗಟ್ಟಲೆ ಮಲಬದ್ಧತೆ. ಇಂಥವರು ವ್ರತವನ್ನು ಬಿಟ್ಟರೆ ದೋಷವೇ, ಹಿಡಿದರೆ ಫಲವೇ ಎಂಬುದು ಈ ಪಾಠದ ವಿಚಾರವಾಗಿದೆ.

ವೈದ್ಯರು ಈ ಬೇನೆಯನ್ನು ಇರಿಟಬಲ್ ಬವೆಲ್ ಸಿಂಡ್ರೋಮ್ ಎಂದು ಕರೆಯುತ್ತಾರೆ. ಇದರಲ್ಲಿ ಕರುಳಿಗೆ ಹುಣ್ಣಾಗಲಿ ಗಡ್ಡೆಯಾಗಲಿ ಆಗಿರುವುದಿಲ್ಲ. ಕರುಳಿನ ಚಲನೆಯೂ ಕರುಳು-ಮೆದುಳುಗಳ ನಡುವಣ ನರಸಂಪರ್ಕವೂ ಹದ ತಪ್ಪಿರುತ್ತವೆ. ಇತರರ ಅರಿವಿಗೇ ಬಾರದ ವಾಯುವಿನ ಒತ್ತಡವು ಇವರಿಗೆ ನೋವಾಗಿ ತೋರುತ್ತದೆ. ಇದು ಕಲ್ಪನೆಯ ರೋಗವಲ್ಲ. ಅರ್ಬುದಕ್ಕೆ ತಿರುಗುವ ರೋಗವೂ ಅಲ್ಲ. ಆದರೆ ಮಲದಲ್ಲಿ ರಕ್ತ, ತೂಕದ ಇಳಿತ, ಜ್ವರ, ರಕ್ತಹೀನತೆ, ನಿದ್ರೆಯಿಂದ ಎಬ್ಬಿಸುವ ಭೇದಿ ಇದ್ದಲ್ಲಿ, ಅಥವಾ 50 ವರ್ಷದ ಆಸುಪಾಸಿನಲ್ಲಿ ಮೊದಲ ಬಾರಿಗೆ ಬೇನೆ ಕಾಣಿಸಿಕೊಂಡಲ್ಲಿ ತಡಮಾಡದೆ ಪರೀಕ್ಷೆ ಮಾಡಿಸತಕ್ಕದ್ದು.

ಈರುಳ್ಳಿ, ಬೆಳ್ಳುಳ್ಳಿಗಳಲ್ಲಿರುವ ಫ್ರಕ್ಟಾನ್ ಎಂಬ ಶರ್ಕರವು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿನಲ್ಲಿ ಹುಳಿತು ವಾಯುವಾಗುತ್ತದೆ. ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯವು ರೂಪಿಸಿದ ಪಥ್ಯದಲ್ಲಿ ಮೊದಲು ಬಿಡಿಸುವ ಪದಾರ್ಥಗಳಲ್ಲಿ ಇವೆರಡೂ ಸೇರಿವೆ. ಕಂದಮೂಲ ತ್ಯಾಗವು ಅಹಿಂಸೆಗಾಗಿ ಇರುವುದೇ ಹೊರತು ಆರೋಗ್ಯಕ್ಕಾಗಿ ಅಲ್ಲ. ಆದರೂ ಈ ರೋಗಿಗಳಿಗೆ ಜೈನರ ಅಡುಗೆಮನೆಯು ಅನುಕೂಲವಾಗಿದೆ. ಹಾಗೆಂದು ಎಲ್ಲವೂ ನಿರಪಾಯವಲ್ಲ. ಗೋಧಿ, ಕಡಲೆ, ಹಾಲು, ಗೋಡಂಬಿ, ಸೇಬುಗಳೂ ಕೆಲವರನ್ನು ಬಾಧಿಸುತ್ತವೆ. ಸಂಶಯವಿರುವ ಪದಾರ್ಥಗಳನ್ನು ಕೆಲವು ವಾರ ಬಿಟ್ಟು, ಅನಂತರ ಒಂದೊಂದಾಗಿ ಸೇರಿಸಿ ಪರೀಕ್ಷಿಸಿದರೆ ತಮಗೆ ಯಾವುದು ಆಗದೆಂಬುದು ತಿಳಿಯುತ್ತದೆ.

ಇನ್ನು ತಪಸ್ಸಿನ ವಿಚಾರ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು 6 ಬಾಹ್ಯ ತಪಗಳನ್ನು ಹೇಳಿದೆ. ಅನಶನವು ಅವುಗಳಲ್ಲಿ ಒಂದು ಮಾತ್ರ. ಎರಡನೆಯದಾದ ಅವಮೌದರ್ಯವೆಂದರೆ ಹೊಟ್ಟೆ ತುಂಬುವ ಮುನ್ನವೇ ಕೈ ತೊಳೆಯುವುದು. ಪುರುಷನ ಪೂರ್ಣಾಹಾರ 32 ತುತ್ತು, ಸ್ತ್ರೀಯದು 28 ಎಂದು ಆಗಮವು ಲೆಕ್ಕ ಹೇಳುತ್ತದೆ. ಅದಕ್ಕಿಂತ ಕಡಿಮೆ ಉಣ್ಣುವುದೇ ಈ ತಪ. ಒಮ್ಮೆಗೇ ಅತಿಯಾಗಿ ಉಂಡರೆ ದೊಡ್ಡ ಕರುಳು ಬಲವಾಗಿ ಸಂಕೋಚಿಸುವುದರಿಂದ, ಕೆರಳುವ ಕರುಳಿನವರಿಗೆ ಮಿತಾಹಾರವು ತಪವೂ ಹೌದು, ಪಥ್ಯವೂ ಹೌದು. ಏಕಾಶನದ ಒಂದೇ ಊಟವು ಭಾರವಾಗುವವರು ರಾತ್ರಿಭೋಜನ ತ್ಯಾಗವನ್ನು ಪಾಲಿಸುತ್ತಲೇ ಹಗಲಿನ ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ಹಂಚಿಕೊಳ್ಳಬಹುದು. ರಸಪರಿತ್ಯಾಗದಲ್ಲಿ ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪುಗಳೆಂಬ 6 ರಸಗಳಿವೆ. ಹಾಲು ಒಗ್ಗದವರಿಗೆ ಹಾಲಿನ ತ್ಯಾಗವೇ ಒಳ್ಳೆಯ ನಿಯಮ. ಭೇದಿಯಿಂದ ಬಳಲುವವರು ಮಾತ್ರ ನೀರನ್ನೂ ಉಪ್ಪನ್ನೂ ತ್ಯಜಿಸುವುದು ಅಪಾಯಕರ. ಉಪವಾಸ ಮಾಡಬಲ್ಲವರ ಪಾರಣೆಯು ತಿಳಿಯಾದ ಅಕ್ಕಿಯ ಗಂಜಿಯಿಂದಾಗಲಿ. ಕರಿದ ತಿಂಡಿ, ಹಾಲಿನ ಪಾಯಸಗಳಿಂದ ಬೇಡ.

ಷೋಡಶ ಭಾವನೆಗಳಲ್ಲಿ ತಪಕ್ಕೆ “ಶಕ್ತಿತಃ” ಎಂಬ ವಿಶೇಷಣವಿರುವುದನ್ನು ಗಮನಿಸಬೇಕು. ಶಕ್ತಿಯನ್ನು ಬಚ್ಚಿಡಬಾರದು, ಶಕ್ತಿಯನ್ನು ಮೀರಲೂಬಾರದು. ಉಪವಾಸವೆಂದರೆ ಆತ್ಮನ ಸಮೀಪದಲ್ಲಿ ವಾಸ. ದಿನವಿಡೀ ಚಿತ್ತವು ಹೊಟ್ಟೆಯ ನೋವಿನಲ್ಲೇ ನೆಲಸಿದರೆ ಅದು ವೇದನಾಜನ್ಯ ಆರ್ತಧ್ಯಾನವಾಗುತ್ತದೆ, ನಿರಾಹಾರವಿದ್ದರೂ ಉಪವಾಸವಾಗದು. ನೆರೆಯವರು ಏನೆಂದಾರೋ ಎಂದು ರೋಗವನ್ನು ಮರೆಮಾಚಿ ವ್ರತ ಹಿಡಿಯುವುದು ಮಾಯಾಶಲ್ಯ. ಶಲ್ಯವಿಲ್ಲದವನೇ ವ್ರತಿ.

ಶ್ರಾವಕರಿಗೆ ರತ್ನಕರಂಡಕವನ್ನಿತ್ತ ಸಮಂತಭದ್ರಾಚಾರ್ಯರ ಕಥೆಯನ್ನು ಪರಂಪರೆಯು ಹೇಳುತ್ತದೆ. ಅವರಿಗೆ ಬಂದದ್ದು ಎಷ್ಟು ಉಂಡರೂ ತಣಿಯದ ಭಸ್ಮಕ ವ್ಯಾಧಿ. ರೋಗ ಬೇರೆ, ಸಂಕಟ ಒಂದೇ. ಅವರು ಸಲ್ಲೇಖನವನ್ನು ಬೇಡಿದಾಗ ಗುರುಗಳು ಒಪ್ಪಲಿಲ್ಲ. ಮುನಿವೇಷವನ್ನಿಳಿಸಿ ರೋಗವನ್ನು ಶಮನಗೊಳಿಸಿಕೊಂಡು ಮರಳಿ ದೀಕ್ಷೆ ಪಡೆಯುವಂತೆ ಆಜ್ಞಾಪಿಸಿದರು. ಅಂಥ ಮಹಾಮುನಿಗೇ ದೊರೆತ ಅನುಜ್ಞೆಯು ಗೃಹಸ್ಥನಿಗೆ ನಾಚಿಕೆಯ ವಿಷಯವಾಗುವುದೆಂತು?

ಆದುದರಿಂದ ವ್ರತ ಸ್ವೀಕರಿಸುವ ಮುನ್ನ ವೈದ್ಯರಲ್ಲಿ ವಿಚಾರಿಸಿ, ಗುರುಗಳಲ್ಲಿ ಕಾಯಿಲೆಯನ್ನು ಮುಚ್ಚಿಡದೆ ನಿವೇದಿಸತಕ್ಕದ್ದು. ಕೈಗೊಂಡ ವ್ರತಕ್ಕೆ ರೋಗದಿಂದ ಭಂಗ ಬಂದಲ್ಲಿ ಪ್ರಾಯಶ್ಚಿತ್ತದ ಮಾರ್ಗವಿದೆ. ಮನೆಯ ಹಿರಿಯರೂ ಅಂಥವರನ್ನು ಹಳಿಯದೆ, ಅವರು ಆಯ್ದುಕೊಂಡ ಚಿಕ್ಕ ನಿಯಮವನ್ನೇ ಆದರಿಸಬೇಕು. ಅನಶನವು ಸಾಧ್ಯವಾಗದವರಿಗೂ ತಪದ ಬಾಗಿಲು ಮುಚ್ಚಿಲ್ಲ.